ಟೈಮ್‌ಕೋಡ್ ಕೈಕೊಡುವುದು ಎಲ್ಲಿ?

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದರೆ ರಾತ್ರಿ ಪೂರ್ತಿ. ಜನ ಊಟ ಮುಗಿಸಿ ಬರುವ ಹೊತ್ತಿಗೆ ಶುರುವಾಗಿ ಬೆಳಕು ಹರಿಯುವಾಗ ಮುಗಿಯುತ್ತದೆ. ಈಗೀಗ ಇದನ್ನು ಎರಡು ಮೂರು ಕ್ಯಾಮೆರಾ ಇಟ್ಟು ಶೂಟ್ ಮಾಡಿಸುತ್ತಾರೆ. ಒಂದು ಸೀನರಿ ಎದುರಿಗೆ, ಒಂದು ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ, ಇನ್ನೊಂದು ಜನರ ಹಿಂದೆ. ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ಬರುವ ಧ್ವನಿ ಬೇರೊಂದು ರೆಕಾರ್ಡರ್‌ಗೆ ಹೋಗುತ್ತದೆ. ಬೆಳಗ್ಗೆ ಮೈಸೂರಿನ ಎಡಿಟರ್ ಕೈಗೆ ಒಂದು ಹಾರ್ಡ್ ಡಿಸ್ಕ್ ತುಂಬ ಫೈಲ್ ಬರುತ್ತದೆ. ಯಾವ ಕ್ಯಾಮೆರಾದ ಯಾವ ತುಂಡು ಯಾವ ಕ್ಷಣದ್ದು, ಅದರ ಧ್ವನಿ ಯಾವ ಫೈಲ್‌ನಲ್ಲಿದೆ ಅಂತ ಮೊದಲು ಜೋಡಿಸಬೇಕು. ಆಮೇಲೆ ತಾನೆ ಎಡಿಟಿಂಗ್.

ಈ ಜೋಡಣೆ ತಾನಾಗಿಯೇ ಆಗಲಿ ಅಂತ ಇರುವುದು ಟೈಮ್‌ಕೋಡ್. ಎಲ್ಲ ಸರಿಯಿದ್ದರೆ ದಿನಗಟ್ಟಲೆ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ನಮ್ಮ ಕಡೆ ಎಷ್ಟೋ ಎಡಿಟರ್‌ಗಳು ಅದನ್ನು ನಂಬುವುದನ್ನೇ ಬಿಟ್ಟಿದ್ದಾರೆ. ಕ್ಯಾಮೆರಾದಲ್ಲಿ ಒಂದು ನಂಬರ್, ಸಾಫ್ಟ್‌ವೇರ್‌ನಲ್ಲಿ ಇನ್ನೊಂದು. ಹೀಗೆ ಯಾಕಾಗುತ್ತದೆ ಅಂತ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ನನ್ನ ಪ್ರಕಾರ ಹೆಚ್ಚಿನ ತೊಂದರೆಗೆ ಬೇರು ಒಂದೇ. ಟೈಮ್‌ಕೋಡ್ ನಂಬರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಅದರ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ಅನ್ನುವ ಲೆಕ್ಕ, ಜೊತೆಗೆ ಹೋಗುವುದಿಲ್ಲ.

ಮೊದಲು ನಂಬರ್ ನೋಡೋಣ. ಟೈಮ್‌ಕೋಡ್‌ನಲ್ಲಿ ನಾಲ್ಕು ಜೋಡಿ ಅಂಕಿಗಳಿರುತ್ತವೆ. ಗಂಟೆ, ನಿಮಿಷ, ಸೆಕೆಂಡ್, ಕೊನೆಗೆ ಫ್ರೇಮ್. 10:15:20:12 ಅಂದರೆ ಹತ್ತು ಗಂಟೆ ಹದಿನೈದು ನಿಮಿಷ ಇಪ್ಪತ್ತು ಸೆಕೆಂಡ್, ಆಮೇಲೆ ಹನ್ನೆರಡು ಫ್ರೇಮ್. ವಿಡಿಯೋದ ಪ್ರತಿ ಫ್ರೇಮ್‌ಗೂ ಹೀಗೆ ಒಂದು ನಂಬರ್. ಈ ಪದ್ಧತಿಯನ್ನು ಗಟ್ಟಿ ಮಾಡಿದ್ದು ಅಮೆರಿಕದ ಸಿನಿಮಾ ಮತ್ತು ಟಿವಿ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಂಪಿಟಿಇ. ಅದು ಟೇಪ್ ಕಾಲದ ಮಾತು. ಇವತ್ತಿಗೂ ಅದೇ ನಡೆಯುತ್ತಿದೆ.

ಆದರೆ ಆ ನಂಬರ್ ಒಂದೇ ನೋಡಿದರೆ ಅದು ಯಾವ ಕ್ಷಣ ಅಂತ ಹೇಳಲಾಗದು. ಸೆಕೆಂಡಿಗೆ 25 ಫ್ರೇಮ್ ಇದ್ದರೆ 12 ಫ್ರೇಮ್ ಅಂದರೆ 0.48 ಸೆಕೆಂಡ್. 30 ಇದ್ದರೆ 0.4 ಸೆಕೆಂಡ್. ಇದು ಸಣ್ಣ ವ್ಯತ್ಯಾಸ. ದೊಡ್ಡ ವ್ಯತ್ಯಾಸ ಬರುವುದು 29.97, 23.976 ಅನ್ನುವ ಆ ವಿಚಿತ್ರ ರೇಟ್‌ಗಳಿಂದ. ಅವು ಎಲ್ಲಿಂದ ಬಂದವು ಅಂತ ತಿಳಿದುಕೊಂಡರೆ ಮುಂದಿನದು ಸಲೀಸು.

ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್. ಅಲ್ಲಿನ ಕಪ್ಪು ಬಿಳುಪು ಟಿವಿ ಸೆಕೆಂಡಿಗೆ 30 ಫ್ರೇಮ್ ತೋರಿಸುತ್ತಿತ್ತು. 1953ರಲ್ಲಿ ಬಣ್ಣದ ಟಿವಿಗೆ ಒಪ್ಪಿಗೆ ಸಿಕ್ಕಿತು. ಹಳೆಯ ಸೆಟ್‌ಗಳಲ್ಲೂ ಹೊಸ ಪ್ರಸಾರ ಕಾಣಬೇಕಿತ್ತು, ಬಣ್ಣದ ಸಿಗ್ನಲ್ಲು ಧ್ವನಿಯ ಸಿಗ್ನಲ್ಲು ಒಂದಕ್ಕೊಂದು ತಾಕಿ ಚಿತ್ರ ಕೆಡಬಾರದಿತ್ತು. ಅದಕ್ಕಾಗಿ ಫ್ರೇಮ್ ರೇಟ್ ಅನ್ನು ಸಾವಿರಕ್ಕೆ ಒಂದರಷ್ಟು ಇಳಿಸಿದರು. 30 ಹೋಗಿ 29.97 ಆಯಿತು. ಸರಿಯಾಗಿ ಹೇಳಬೇಕೆಂದರೆ 30,000 ಭಾಗಿಸು 1001. ಸಿನಿಮಾದ 24 ಅನ್ನು ಆ ಟಿವಿಗೆ ಹೊಂದಿಸಲು ಅದನ್ನೂ ಅಷ್ಟೇ ಇಳಿಸಿದರು. ಅದೇ 23.976.

ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ತೆಗೆದುಕೊಂಡದ್ದು ಪಾಲ್ ಪದ್ಧತಿ. ಸೆಕೆಂಡಿಗೆ 25 ಫ್ರೇಮ್, ಒಂದೂ ಹೆಚ್ಚಿಲ್ಲ ಕಮ್ಮಿಯಿಲ್ಲ. 25 ಫ್ರೇಮ್ ಎಣಿಸಿದರೆ ನಿಜವಾಗಿಯೂ ಒಂದು ಸೆಕೆಂಡ್ ಕಳೆದಿರುತ್ತದೆ. ಟೈಮ್‌ಕೋಡ್‌ಗೂ ಗೋಡೆ ಗಡಿಯಾರಕ್ಕೂ ಜಗಳವೇ ಇಲ್ಲ.

29.97ರಲ್ಲಿ ಹಾಗಲ್ಲ. ನಂಬರ್ ಹಾಕುವಾಗ ಸೆಕೆಂಡಿಗೆ 30 ಅಂತಲೇ ಎಣಿಸುತ್ತಾರೆ, ಫ್ರೇಮ್‌ಗಳು ಓಡುವುದು ಸ್ವಲ್ಪ ನಿಧಾನ. ಹಾಗಾಗಿ ಟೈಮ್‌ಕೋಡ್ ಒಂದು ಗಂಟೆ ತೋರಿಸುವಾಗ ಗಡಿಯಾರ 3.6 ಸೆಕೆಂಡ್ ಮುಂದೆ ಹೋಗಿರುತ್ತದೆ. ಟಿವಿ ಚಾನೆಲ್‌ನವರಿಗೆ ಇದು ನುಂಗಲಾರದ ವ್ಯತ್ಯಾಸ. ಅದಕ್ಕೆ ಅವರು ಡ್ರಾಪ್ ಫ್ರೇಮ್ ತಂದರು. ಪ್ರತಿ ನಿಮಿಷದ ಆರಂಭದಲ್ಲಿ 00 ಮತ್ತು 01 ಅನ್ನುವ ಎರಡು ಫ್ರೇಮ್ ನಂಬರ್ ಬಿಟ್ಟು ನೇರ 02ಕ್ಕೆ ಹೋಗುವುದು. ಹತ್ತರಿಂದ ಭಾಗವಾಗುವ ನಿಮಿಷಗಳಲ್ಲಿ ಮಾತ್ರ ಬಿಡುವುದಿಲ್ಲ. ಗಂಟೆಗೆ 54 ನಿಮಿಷದಲ್ಲಿ ಎರಡೆರಡು ಬಿಟ್ಟರೆ 108 ನಂಬರ್. 3.6 ಸೆಕೆಂಡ್ ಅಂದರೂ 108 ಫ್ರೇಮ್. ಲೆಕ್ಕ ಸರಿಹೋಯಿತು. ಕುವೆಂಪುನಗರದ ಒಂದು ರಸ್ತೆಯಲ್ಲಿ 11ನೇ ನಂಬರ್ ಮನೆ ಆದಮೇಲೆ 14 ಬಂದರೆ ಮಧ್ಯದ ಎರಡು ಮನೆ ಕೆಡವಿದರು ಅಂತಲ್ಲ, ಆ ನಂಬರ್‌ಗಳನ್ನು ಯಾರಿಗೂ ಕೊಡಲಿಲ್ಲ ಅಷ್ಟೇ. ಇಲ್ಲೂ ಹಾಗೆಯೇ, ಒಂದು ಫ್ರೇಮ್ ಕೂಡ ಕಳೆಯುವುದಿಲ್ಲ.

23.976ಕ್ಕೆ ಈ ಡ್ರಾಪ್ ಫ್ರೇಮ್ ಔಷಧಿಯೂ ಇಲ್ಲ. ಅದು ಗಂಟೆಗೆ 3.6 ಸೆಕೆಂಡ್ ಹಿಂದೆ ಬೀಳುತ್ತಲೇ ಹೋಗುತ್ತದೆ.

ನಮಗ್ಯಾಕೆ ಈ 23.976?

25 ಇರುವ ದೇಶದಲ್ಲಿ ಈ ತಲೆನೋವು ಬರಲೇಬಾರದಿತ್ತು, ಅಲ್ವಾ? ಆದರೂ ಮೈಸೂರಿನ ಮದುವೆ ಛತ್ರದಿಂದ ಶಾರ್ಟ್ ಫಿಲ್ಮ್ ಸೆಟ್‌ವರೆಗೆ ಈಗ 23.976 ಮತ್ತು 29.97 ತುಂಬಿಕೊಂಡಿದೆ. ಅಮೆರಿಕದ ಪಾಠದ ವಿಡಿಯೋ ನೋಡಿ ಕ್ಯಾಮೆರಾವನ್ನು ಎನ್‌ಟಿಎಸ್‌ಸಿಗೆ (ಅಮೆರಿಕದ ಟಿವಿ ಪದ್ಧತಿ) ತಿರುಗಿಸಿ, ಸಿನಿಮಾ ಲುಕ್ ಬರುತ್ತದೆ ಅಂತ 24 ಆರಿಸುತ್ತಾರೆ. ಎಷ್ಟೋ ಸಣ್ಣ ಕ್ಯಾಮೆರಾಗಳ ಮೆನುವಿನಲ್ಲಿ 24 ಅಂತ ಕಂಡರೂ ಒಳಗೆ ಓಡುವುದು 23.976. ಜೊತೆಯಲ್ಲಿರುವ ಇನ್ನೊಂದು ಕ್ಯಾಮೆರಾ 25ರಲ್ಲೇ ಇರುತ್ತದೆ. ಯಾರದೋ ಮೊಬೈಲ್‌ನಲ್ಲಿ ತೆಗೆದದ್ದೂ ಸೇರುತ್ತದೆ. ಮೊಬೈಲ್ ಫ್ರೇಮ್ ರೇಟ್ ಅಂತೂ ಹೆಚ್ಚು ಕಮ್ಮಿ ಆಗುತ್ತಲೇ ಇರುತ್ತದೆ, ಅಲ್ಲಿ ಫ್ರೇಮ್ ಎಣಿಸಿ ಕಾಲ ಹೇಳುವ ಮಾತೇ ಇಲ್ಲ.

25 ಮತ್ತು 24ರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ 50 ಹರ್ಟ್ಸ್ ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನಲ್ಲಿ 25 ಫ್ರೇಮ್ ಮತ್ತು 1/50 ಶಟರ್ ಇಟ್ಟರೆ ಮಿನುಗುವ ಕಾಟವೂ ಕಮ್ಮಿ. ಚಿತ್ರಮಂದಿರಕ್ಕೆ ಹೋಗುವ ಸಿನಿಮಾಗೆ 24 ಬೇಕು ನಿಜ. ಆಗ ಸರಿಯಾದ 24.00 ಇರುವ ಕ್ಯಾಮೆರಾ ಬಳಸಬೇಕು. 23.976ರಲ್ಲಿ ಮಾಡಿದ ಒಂದೂವರೆ ಗಂಟೆಯ ಚಿತ್ರದ ಫ್ರೇಮ್‌ಗಳನ್ನು 24ರಲ್ಲಿ ಓಡಿಸಿದರೆ 5.4 ಸೆಕೆಂಡ್ ಮೊದಲೇ ಮುಗಿಯುತ್ತದೆ. ಧ್ವನಿಯನ್ನು ಹಾಗೇ ಬಿಟ್ಟರೆ ಕ್ಲೈಮ್ಯಾಕ್ಸ್ ಹೊತ್ತಿಗೆ ಬಾಯಿಗೂ ಮಾತಿಗೂ ಸಂಬಂಧವೇ ಇರುವುದಿಲ್ಲ.

ಸಾಫ್ಟ್‌ವೇರ್ ಎಡವುವ ಜಾಗ

ಧ್ವನಿ ರೆಕಾರ್ಡರ್‌ಗಳು ಬರೆಯುವ ಬ್ರಾಡ್‌ಕಾಸ್ಟ್ ವೇವ್ ಫೈಲ್‌ನಿಂದ ಶುರು ಮಾಡೋಣ. ಎಡಿಟರ್‌ಗೆ ಅತಿ ಹೆಚ್ಚು ಕಾಟ ಕೊಡುವುದು ಇದೇ.

ಆ ಫೈಲ್ ಒಳಗೆ ನಾಲ್ಕು ಜೋಡಿ ಅಂಕಿಯ ಟೈಮ್‌ಕೋಡ್ ಮುಖ್ಯ ಜಾಗದಲ್ಲಿ ಇರುವುದೇ ಇಲ್ಲ. ಮಧ್ಯರಾತ್ರಿಯಿಂದ ರೆಕಾರ್ಡಿಂಗ್ ಶುರುವಾಗುವ ತನಕ ಎಷ್ಟು ಸ್ಯಾಂಪಲ್ (ಧ್ವನಿಯ ಬಿಡಿ ಅಳತೆ) ಕಳೆದಿವೆ ಅನ್ನುವ ಒಂದೇ ದೊಡ್ಡ ಸಂಖ್ಯೆ ಇರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಬೆಳಗಿನ ಆರು ಗಂಟೆ ಅಂದರೆ 103 ಕೋಟಿ 68 ಲಕ್ಷ. ಸಾಫ್ಟ್‌ವೇರ್ ಈ ಸಂಖ್ಯೆಯನ್ನು ಓದಿ ಮತ್ತೆ ಟೈಮ್‌ಕೋಡ್ ಮಾಡಬೇಕು. ಮಾಡಲು ಫ್ರೇಮ್ ರೇಟ್ ಬೇಕು. ಆ ರೇಟ್ ಇರುವುದು ಅದೇ ಫೈಲ್‌ನ ಇನ್ನೊಂದು ಮೂಲೆಯಲ್ಲಿ, ಐಎಕ್ಸ್‌ಎಂಎಲ್ ಅನ್ನುವ ಭಾಗದಲ್ಲಿ. ಅದನ್ನು ಓದದ ಸಾಫ್ಟ್‌ವೇರ್ ಸುಮ್ನೆ ಪ್ರಾಜೆಕ್ಟ್‌ನ ರೇಟ್ ಹಿಡಿದು ಲೆಕ್ಕ ಹಾಕಿಬಿಡುತ್ತದೆ.

ಏನಾಗುತ್ತದೆ ನೋಡಿ. ಕ್ಯಾಮೆರಾ ಮತ್ತು ರೆಕಾರ್ಡರ್ ಎರಡನ್ನೂ 23.976ಕ್ಕೆ ಇಟ್ಟು, ಎರಡೂ ಒಂದೇ ನಂಬರ್ ತೋರಿಸುವಂತೆ ಸಿಂಕ್ ಮಾಡಿದ್ದೀರಿ. ಎರಡರಲ್ಲೂ 06:00:00:00 ಇದ್ದಾಗ ಬಟನ್ ಒತ್ತಿದಿರಿ. 23.976ರಲ್ಲಿ ಸೊನ್ನೆಯಿಂದ ಆ ನಂಬರ್ ತಲುಪಲು 21,600 ಸೆಕೆಂಡ್ ಸಾಲದು, 21,621.6 ಬೇಕು. ರೆಕಾರ್ಡರ್ ಅಷ್ಟು ಸ್ಯಾಂಪಲ್ ಲೆಕ್ಕ ಬರೆಯುತ್ತದೆ. ಈಗ 25ರ ಪ್ರಾಜೆಕ್ಟ್‌ಗೆ ಎರಡನ್ನೂ ಹಾಕಿ. ವಿಡಿಯೋ ಫೈಲ್ 06:00:00:00 ಅನ್ನುತ್ತದೆ. ಧ್ವನಿ ಫೈಲ್ 06:00:21:15 ಅನ್ನುತ್ತದೆ. ಇಪ್ಪತ್ತೊಂದು ಸೆಕೆಂಡ್ ಹದಿನೈದು ಫ್ರೇಮ್ ದೂರ. ಶೂಟ್ ಮಾಡಿದವರು ಎಲ್ಲ ಸರಿಯಾಗಿಯೇ ಮಾಡಿದ್ದಾರೆ. ಎರಡೂ ಫೈಲ್ ಸರಿಯಾಗಿಯೇ ಬರೆದಿವೆ. ಮಧ್ಯಾಹ್ನ ಹನ್ನೆರಡಕ್ಕೆ ತೆಗೆದ ಶಾಟ್‌ನಲ್ಲಿ ಇದೇ ದೂರ 43 ಸೆಕೆಂಡ್ ದಾಟುತ್ತದೆ. ಹಾಗಾಗಿ ಒಂದೇ ಆಫ್‌ಸೆಟ್ (ಹಿಂದೆ ಮುಂದೆ ಸರಿಸುವ ಅಳತೆ) ಹಾಕಿ ಎಲ್ಲವನ್ನೂ ಸರಿಮಾಡಲೂ ಆಗದು.

ನನಗೆ ನಿಜವಾಗಿ ಬೇಸರ ಬರುವುದು ಇಲ್ಲಿ. ಸಾಫ್ಟ್‌ವೇರ್ ಏನೂ ಹೇಳುವುದಿಲ್ಲ. "ಈ ಧ್ವನಿ ಬೇರೆ ರೇಟ್‌ನಲ್ಲಿ ರೆಕಾರ್ಡ್ ಆಗಿದೆ" ಅಂತ ಒಂದು ಸಾಲು ತೋರಿಸಿದ್ದರೆ ಎಷ್ಟೋ ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತು. ಪ್ರೊಫೆಷನಲ್ ಅಂತ ಹಣ ತೆಗೆದುಕೊಳ್ಳುವ ಸಾಧನ ತಾನು ಊಹೆ ಮಾಡಿದ್ದನ್ನು ಊಹೆ ಅಂತ ಹೇಳಬೇಕು.

ಎರಡನೆಯದು, ಟೈಮ್‌ಕೋಡ್ ಇಲ್ಲದ ಫೈಲ್. ದೊಡ್ಡ ಕ್ಯಾಮೆರಾಗಳು ಫೈಲ್ ಒಳಗೇ ಟೈಮ್‌ಕೋಡ್ ಬರೆಯುತ್ತವೆ. ಸಣ್ಣ ಕ್ಯಾಮೆರಾಗಳ ಎಂಪಿ4 ಫೈಲ್‌ನಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಆಗ ಸಾಫ್ಟ್‌ವೇರ್ ಪ್ರತಿ ಕ್ಲಿಪ್ಪನ್ನೂ 00:00:00:00ಯಿಂದ ಶುರು ಮಾಡುತ್ತದೆ. ನೂರು ಕ್ಲಿಪ್, ನೂರಕ್ಕೂ ಅದೇ ನಂಬರ್. ನಿಜವಾದ ಸೊನ್ನೆಯೋ, ಏನೂ ಇಲ್ಲದ್ದಕ್ಕೆ ಹಾಕಿದ ಸೊನ್ನೆಯೋ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಟೈಮ್‌ಕೋಡ್ ಇದ್ದ ಫೈಲ್ಲನ್ನು ಯಾವುದೋ ಕನ್ವರ್ಟರ್‌ನಲ್ಲಿ ಚಿಕ್ಕದು ಮಾಡಿದಾಗ, ವಾಟ್ಸಾಪ್‌ನಲ್ಲಿ ಕಳಿಸಿದಾಗ ಅದು ಬಿದ್ದುಹೋಗುವುದೂ ಉಂಟು. ಆ ಚಿಕ್ಕ ಫೈಲ್‌ಗಳಲ್ಲಿ ಎಡಿಟ್ ಮುಗಿಸಿ ಮೂಲ ಫೈಲ್‌ಗೆ ಜೋಡಿಸಲು ಹೋದಾಗ ಹಿಡಿಯಲು ದಾರವೇ ಇರುವುದಿಲ್ಲ.

ಇಂಥ ಸಣ್ಣ ಕ್ಯಾಮೆರಾಗಳಿಗೆ ಒಂದು ಒಳ್ಳೆ ಉಪಾಯ ಇದೆ. ಟೈಮ್‌ಕೋಡನ್ನು ಧ್ವನಿಯಾಗಿ ಮಾಡಿ ಮೈಕ್ ತೂತಿಗೆ ಕೊಡುವುದು. ಇದಕ್ಕೆ ಎಲ್‌ಟಿಸಿ ಅನ್ನುತ್ತಾರೆ. ಪ್ರತಿ ಫ್ರೇಮ್‌ಗೆ 80 ಬಿಟ್, 25 ಫ್ರೇಮ್‌ನಲ್ಲಿ ಸೆಕೆಂಡಿಗೆ 2,000 ಬಿಟ್. ಕೇಳಿದರೆ ಕರ್ಕಶವಾಗಿ ಕಿರುಗುಟ್ಟುತ್ತದೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆಗಳು ಈ ಶಬ್ದ ಕೊಡುತ್ತವೆ. ಎಡ ಚಾನೆಲ್‌ಗೆ ಇದು, ಬಲ ಚಾನೆಲ್‌ಗೆ ಮಾಮೂಲಿ ಮೈಕ್.

ಆ ಶಬ್ದವನ್ನು ಮತ್ತೆ ನಂಬರ್ ಮಾಡಿಕೊಳ್ಳುವ ಕೆಲಸ ಸಾಫ್ಟ್‌ವೇರ್‌ನದು. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕ್ಲಿಪ್‌ಗಳನ್ನು ಆರಿಸಿ ಆಡಿಯೋ ಟ್ರ್ಯಾಕ್‌ನಿಂದ ಟೈಮ್‌ಕೋಡ್ ಅಪ್‌ಡೇಟ್ ಮಾಡುವ ಸೌಲಭ್ಯ ಇದೆ. ಆವಿಡ್ ಮೀಡಿಯಾ ಕಂಪೋಸರ್‌ನಲ್ಲೂ ಆಡಿಯೋ ಟೈಮ್‌ಕೋಡ್ ಓದಿಸಬಹುದು. ಎಲ್ಲ ಸಾಫ್ಟ್‌ವೇರ್‌ನಲ್ಲೂ ಇದು ಸಿಗದು. ಸಿಗದ ಕಡೆ ಬೇರೆ ಪ್ರೋಗ್ರಾಂ ಕೊಂಡು, ಮೊದಲು ಅದರಲ್ಲಿ ಓದಿಸಿ, ಆಮೇಲೆ ಎಡಿಟಿಂಗ್‌ಗೆ ತರಬೇಕು. ಇಷ್ಟು ಹಳೆಯ, ಇಷ್ಟು ಸರಳ ಸಿಗ್ನಲ್ ಓದಲು ಇನ್ನೊಂದು ಪ್ರೋಗ್ರಾಂ ಕೊಳ್ಳಬೇಕು ಅನ್ನುವುದು ನ್ಯಾಯವಲ್ಲ. ಓದುವ ಸಾಫ್ಟ್‌ವೇರ್ ಕೂಡ ಕ್ಯಾಮೆರಾದ ಆಟೋ ಗೇನ್ (ಧ್ವನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ) ಶಬ್ದವನ್ನು ಒಡೆದು ಹಾಕಿದ್ದರೆ ಕೈ ಚೆಲ್ಲುತ್ತದೆ. ಗೇನ್ ಮ್ಯಾನುಯಲ್‌ಗೆ ಇಡಬೇಕು.

50 ಫ್ರೇಮ್‌ನಲ್ಲಿ ಶೂಟ್ ಮಾಡುವವರು ಇನ್ನೊಂದು ತಿಳಿದಿರಬೇಕು. ಈ 80 ಬಿಟ್‌ಗಳಲ್ಲಿ ಫ್ರೇಮ್ ಸಂಖ್ಯೆಯ ಹತ್ತರ ಸ್ಥಾನಕ್ಕೆ ಇರುವುದು ಎರಡೇ ಬಿಟ್. ಅಂದರೆ ಅಲ್ಲಿ 3ಕ್ಕಿಂತ ದೊಡ್ಡ ಅಂಕಿ ಹಿಡಿಸುವುದಿಲ್ಲ. 39ರ ಮೇಲೆ ಬರೆಯಲು ಜಾಗವೇ ಇಲ್ಲ. ಹಾಗಾಗಿ 50ರಲ್ಲಿ ತೆಗೆದರೂ ಎಲ್‌ಟಿಸಿ 25ರಲ್ಲೇ ಓಡುತ್ತದೆ, ಎರಡೆರಡು ಫ್ರೇಮ್‌ಗೆ ಒಂದೇ ನಂಬರ್. ಒಂದು ಫ್ರೇಮ್ ಆಚೀಚೆ ಆಗುವುದು ಇದರಿಂದಲೂ ಇರಬಹುದು.

ಅಲೆ ನೋಡಿ ಜೋಡಿಸಿದರೆ ಸಾಲದೇ?

ಟೈಮ್‌ಕೋಡ್ ಯಾಕೆ ಬೇಕು, ಧ್ವನಿಯ ಅಲೆ ನೋಡಿ ಸಾಫ್ಟ್‌ವೇರ್ ತಾನೇ ಜೋಡಿಸುತ್ತದಲ್ಲ ಅಂತ ಹುಡುಗರು ಕೇಳುತ್ತಾರೆ. ಒಂದು ರೂಮಿನಲ್ಲಿ ಕೂತು ಮಾಡಿದ ಸಂದರ್ಶನಕ್ಕೆ ಅದು ಸಾಕು. ದಸರಾ ಜಂಬೂಸವಾರಿಗೆ ಸಾಲದು.

ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಡೊಳ್ಳು ಕುಣಿತದ ತಂಡದಿಂದ 100 ಮೀಟರ್ ದೂರದ ಕಟ್ಟಡದ ಮೇಲೆ ಒಂದು ಕ್ಯಾಮೆರಾ ಇದೆ ಅನ್ನಿ. ಕೋಲು ಡೊಳ್ಳಿಗೆ ಬಿದ್ದದ್ದು ಆ ಕ್ಯಾಮೆರಾಗೆ ಆಗಲೇ ಕಾಣುತ್ತದೆ. ಶಬ್ದ ತಲುಪುವುದು 0.29 ಸೆಕೆಂಡ್ ಆದಮೇಲೆ. 25ರ ಲೆಕ್ಕದಲ್ಲಿ ಸುಮಾರು 7 ಫ್ರೇಮ್. ಅಲೆಗಳನ್ನು ಹೊಂದಿಸಿ ಜೋಡಿಸಿದರೆ ಹತ್ತಿರದ ಕ್ಯಾಮೆರಾಗಿಂತ ದೂರದ ಕ್ಯಾಮೆರಾದ ಚಿತ್ರ ಏಳು ಫ್ರೇಮ್ ಮೊದಲೇ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಕಟ್ ಮಾಡಿದಾಗ ಕೋಲು ತಾಳ ತಪ್ಪಿದ ಹಾಗೆ ಕಾಣುತ್ತದೆ. ಕಲಾವಿದರು ತಪ್ಪಿಲ್ಲ, ತಪ್ಪಿದ್ದು ನಮ್ಮ ಜೋಡಣೆ. ಅದರ ಜೊತೆಗೆ ಮೆರವಣಿಗೆಯಲ್ಲಿ ಒಂದೊಂದು ಕ್ಯಾಮೆರಾಗೆ ಒಂದೊಂದು ತಂಡದ ಸದ್ದು ಜೋರು. ಅಲೆಗಳು ಹೊಂದುವುದೇ ಕಷ್ಟ. ಟೈಮ್‌ಕೋಡ್‌ಗೆ ದೂರದ ಹಂಗಿಲ್ಲ.

ನಡುರಾತ್ರಿ, ಮರುದಿನ, ಮೊದಲ ಗಂಟೆ

ರಾತ್ರಿ ನಾಟಕದವರಿಗೆ ಬರುವ ಕಷ್ಟ ಬೇರೆ. ಟೈಮ್‌ಕೋಡ್‌ನಲ್ಲಿ ದಿನಾಂಕ ಇರುವುದಿಲ್ಲ. 23:59:59:24 ಆದಮೇಲೆ 00:00:00:00. ಟೈಮ್‌ಕೋಡ್ ಕ್ರಮದಲ್ಲಿ ಜೋಡಿಸು ಅಂದರೆ ಸಾಫ್ಟ್‌ವೇರ್ ಬೆಳಗಿನ ಜಾವದ ಯುದ್ಧವನ್ನು ಮೊದಲು ಇಟ್ಟು, ರಾತ್ರಿ ಹತ್ತರ ಗಣಪತಿ ಸ್ತುತಿಯನ್ನು ಹದಿನಾರು ಹದಿನೇಳು ಗಂಟೆ ಆಚೆಗೆ ಎಸೆಯುತ್ತದೆ. ಇದಕ್ಕೆ ಪರಿಹಾರ ಸುಲಭ. ಗಡಿಯಾರದ ಹೊತ್ತನ್ನು ಹಾಗೇ ಕೊಡಬೇಡಿ, ಹನ್ನೆರಡು ಗಂಟೆ ಹಿಂದಿಡಿ. ರಾತ್ರಿ ಒಂಬತ್ತೂವರೆ ಅನ್ನುವುದು 09:30 ಆಗುತ್ತದೆ. ಮಧ್ಯರಾತ್ರಿ 12:00 ಆಗುತ್ತದೆ. ಬೆಳಗಿನ ಆರು 18:00 ಆಗುತ್ತದೆ. ಎಲ್ಲೂ ಸೊನ್ನೆ ದಾಟುವುದಿಲ್ಲ.

ಹಲವು ದಿನಗಳ ಕಾರ್ಯಕ್ರಮ ಇದ್ದರೆ, ಉದಾಹರಣೆಗೆ ರಂಗಾಯಣದ ಬಹುರೂಪಿಯಂಥ ನಾಟಕೋತ್ಸವ, ಪ್ರತಿ ಸಂಜೆಯೂ ಅದೇ ಏಳು ಗಂಟೆ ಬರುತ್ತದೆ. ಫೈಲ್ ಹೆಸರೂ ಒಂದೇ ಆಗಿದ್ದರೆ ಮೊದಲ ದಿನದ ಕಟ್‌ಗೆ ಮೂರನೇ ದಿನದ ಫೈಲ್ ಬಂದು ಕೂರಬಹುದು. ದಿನಕ್ಕೊಂದು, ಕ್ಯಾಮೆರಾಕ್ಕೊಂದು ರೀಲ್ ಹೆಸರು (ಫೈಲ್ ಯಾವ ಕ್ಯಾಮೆರಾದ ಯಾವ ದಿನದ್ದು ಅಂತ ಗುರುತಿಸುವ ಹೆಸರು) ಕೊಡಲೇಬೇಕು. ಸಾಫ್ಟ್‌ವೇರ್‌ಗಳ ನಡುವೆ ಕಟ್ ಪಟ್ಟಿ ಸಾಗಿಸುವ ಹಳೆಯ ಇಡಿಎಲ್ ಫೈಲ್‌ಗೂ ಅದೇ ಆಧಾರ. ಆ ಇಡಿಎಲ್‌ನಲ್ಲಿ ಡ್ರಾಪ್ ಇದೆಯೋ ಇಲ್ಲವೋ ಅಂತ ಬರೆದಿರುತ್ತದೆ, ಫ್ರೇಮ್ ರೇಟ್ ಎಷ್ಟು ಅಂತ ಇರುವುದಿಲ್ಲ. ಕಳಿಸುವವರೇ ಬಾಯಲ್ಲಿ ಹೇಳಬೇಕು.

ಟೈಮ್‌ಲೈನ್ ಶುರುವಾಗುವ ನಂಬರ್ ಕೂಡ ಗಮನಿಸಿ. ರಿಸಾಲ್ವ್‌ನಲ್ಲಿ ಅದು 01:00:00:00, ಅಡೋಬಿ ಪ್ರೀಮಿಯರ್‌ನಲ್ಲಿ 00:00:00:00. ಟೇಪ್ ಕಾಲದಲ್ಲಿ ಕಾರ್ಯಕ್ರಮಕ್ಕೆ ಮೊದಲು ಬಣ್ಣದ ಪಟ್ಟಿ, ಟೋನ್, ಸ್ಲೇಟ್ ಹಾಕುತ್ತಿದ್ದರು. ಅದಕ್ಕೆ ಜಾಗ ಬಿಟ್ಟು ಒಂದನೇ ಗಂಟೆಯಿಂದ ಶುರು ಮಾಡುವ ರೂಢಿ ಬಂತು. ಈಗಲೂ ಸೌಂಡ್ ಸ್ಟುಡಿಯೋದವರು ಚಿತ್ರಕ್ಕೆ ಎರಡು ಸೆಕೆಂಡ್ ಮೊದಲು, 00:59:58:00ರಲ್ಲಿ, ಒಂದು ಫ್ರೇಮ್‌ನ ಬೀಪ್ ಹಾಕಿ ಕಳಿಸುತ್ತಾರೆ. ಸೊನ್ನೆಯಿಂದ ಶುರುವಾದ ಟೈಮ್‌ಲೈನ್‌ನಲ್ಲಿ ಆ ಬೀಪ್‌ಗೆ ಜಾಗವೇ ಇರುವುದಿಲ್ಲ.

ಶೂಟ್‌ಗೆ ಮೊದಲು

ಇಷ್ಟೆಲ್ಲ ಕೇಳಿದ ಮೇಲೆ ಟೈಮ್‌ಕೋಡ್ ಸಹವಾಸವೇ ಬೇಡ ಅನ್ನಿಸಬಾರದು. ನಮ್ಮ ಕಡೆಯ ಕೆಲಸಕ್ಕೆ ಮುಕ್ಕಾಲು ಪಾಲು ಪರಿಹಾರ ಒಂದೇ ನಿರ್ಧಾರದಲ್ಲಿದೆ: ಎಲ್ಲವೂ 25. ಕ್ಯಾಮೆರಾ, ರೆಕಾರ್ಡರ್, ಟೈಮ್‌ಕೋಡ್ ಪೆಟ್ಟಿಗೆ, ಪ್ರಾಜೆಕ್ಟ್, ಎಲ್ಲ. ರಿಸಾಲ್ವ್‌ನಲ್ಲಂತೂ ಫುಟೇಜ್ ತಂದಮೇಲೆ ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಮೊದಲ ಫೈಲ್ ಎಳೆದು ತರುವ ಮುಂಚೆಯೇ ಅದನ್ನು ನೋಡಿಕೊಳ್ಳಿ. ಟೈಮ್‌ಕೋಡ್ ಫ್ರೀ ರನ್‌ನಲ್ಲಿರಲಿ, ಅಂದರೆ ರೆಕಾರ್ಡ್ ಮಾಡದಿದ್ದಾಗಲೂ ಎಣಿಕೆ ಓಡುತ್ತಿರಲಿ.

ಒಮ್ಮೆ ಸಿಂಕ್ ಮಾಡಿದರೆ ರಾತ್ರಿ ಪೂರ್ತಿ ಹಾಗೇ ಇರುತ್ತದೆ ಅಂತ ತಿಳಿಯಬೇಡಿ. ಎರಡು ಯಂತ್ರಗಳ ಒಳಗಡಿಯಾರ ಹತ್ತು ಲಕ್ಷಕ್ಕೆ ಒಂದು ಪಾಲಿನಷ್ಟು ಬೇರೆ ಇದ್ದರೆ ಒಂದು ಫ್ರೇಮ್ ತಪ್ಪಲು 11 ಗಂಟೆ ಬೇಕು. 20 ಪಾಲು ಬೇರೆ ಇದ್ದರೆ ಅರ್ಧ ಗಂಟೆ ಸಾಕು. ಒಳ್ಳೆಯ ಟೈಮ್‌ಕೋಡ್ ಪೆಟ್ಟಿಗೆ ಕ್ಯಾಮೆರಾಕ್ಕೆ ಅಂಟಿಕೊಂಡೇ ಇರಬೇಕು ಅನ್ನುವುದು ಇದಕ್ಕೆ. ಇನ್ನೊಂದು ಸೂಕ್ಷ್ಮ ಏನೆಂದರೆ, ಸಾಮಾನ್ಯವಾಗಿ ಸಾಫ್ಟ್‌ವೇರ್ ಫೈಲ್‌ನ ಮೊದಲ ನಂಬರ್ ಮಾತ್ರ ಹಿಡಿದು ಮುಂದಿನದನ್ನು ತಾನೇ ಎಣಿಸುತ್ತದೆ. ಮೂರು ಗಂಟೆಯ ಒಂದೇ ಧ್ವನಿ ಫೈಲ್ ಶುರುವಿನಲ್ಲಿ ಸರಿಯಾಗಿ ಕೂತು ಕೊನೆಗೆ ಜಾರಿರಬಹುದು. ದೃಶ್ಯ ಬದಲಾಗಿ ಪರದೆ ಎಳೆದಾಗಲೆಲ್ಲ ರೆಕಾರ್ಡರ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಪ್ರತಿ ಫೈಲ್‌ಗೂ ಹೊಸ ನಂಬರ್ ಸಿಗುತ್ತದೆ.

ಹೊಸ ಕ್ಯಾಮೆರಾ ಅಥವಾ ಹೊಸ ರೆಕಾರ್ಡರ್ ಸೇರಿದಾಗ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಎಲ್ಲವನ್ನೂ ಒಂದೇ ಟೇಬಲ್ ಮೇಲಿಡಿ, ಸಿಂಕ್ ಮಾಡಿ, ಚಪ್ಪಾಳೆ ತಟ್ಟಿ ಒಂದು ಕ್ಲಿಪ್ ತೆಗೆಯಿರಿ. ಎರಡು ಮೂರು ಗಂಟೆ ಹಾಗೇ ಬಿಟ್ಟು ಮತ್ತೆ ಚಪ್ಪಾಳೆ ತಟ್ಟಿ ಇನ್ನೊಂದು. ನೀವು ಬಳಸುವ ಸಾಫ್ಟ್‌ವೇರ್‌ನಲ್ಲೇ ಟೈಮ್‌ಕೋಡ್ ಹಿಡಿದು ಜೋಡಿಸಿ ನೋಡಿ. ಎರಡೂ ಕಡೆ ಒಂದು ಫ್ರೇಮ್ ಒಳಗೆ ಹೊಂದಿದರೆ ಸರಿ. ಎರಡನೆಯದು ಮಾತ್ರ ಕೆಲವು ಫ್ರೇಮ್ ಜಾರಿದರೆ ಒಳಗಡಿಯಾರದ ತೊಂದರೆ. ಎರಡೂ ಸೆಕೆಂಡ್‌ಗಟ್ಟಲೆ ಬೇರೆ ಬೇರೆ ದೂರದಲ್ಲಿ ತಪ್ಪಿದರೆ, ಆ ಸರಪಳಿಯಲ್ಲಿ ಎಲ್ಲೋ ಒಂದು ಕಡೆ ಫ್ರೇಮ್ ರೇಟ್ ಬೇರೆ ಇದೆ. ಮೊದಲು ರೆಕಾರ್ಡರ್‌ನ ಮೆನು ತೆರೆದು ನೋಡಿ.